ಹಂಡೆ ತೆಗೆಯಬೇಡಿ, ಸೋಲಾರ್ ನೀರನ್ನು ಹಂಡೆಗೆ ಬಿಡಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿ ಆರು ಜನ. ಬಚ್ಚಲಲ್ಲಿ ಹಳೆಯ ತಾಮ್ರದ ಹಂಡೆ ಇದೆ, 25 ಲೀಟರಿನ ಗೀಸರ್ ಇದೆ. ಎರಡು ವರ್ಷದ ಹಿಂದೆ 200 ಲೀಟರಿನ ಸೋಲಾರ್ ಕೂಡ ಹಾಕಿಸಿದೆವು. ಮೂರೂ ಇದ್ದರೂ ಕಟ್ಟಿಗೆ ಕಡಿಮೆ ಆಗಿಲ್ಲ, ಕರೆಂಟ್ ಬಿಲ್ ಮಾತ್ರ ಏರಿದೆ. ಮಳೆಗಾಲದಲ್ಲಿ ಸೋಲಾರ್ ನೀರು ಮೈಗೆ ಹಾಕಿಕೊಳ್ಳುವ ಹಾಗೆ ಇರುವುದಿಲ್ಲ. ಹಂಡೆ ಒಲೆ ಒಡೆಸಿ ದೊಡ್ಡ ಗೀಸರ್ ಹಾಕಿಸೋಣ ಎನ್ನುತ್ತಾನೆ ಮಗ. ಅತ್ತೆಗೆ 82 ವರ್ಷ, ಥಂಡಿ ತಡೆಯುವುದಿಲ್ಲ. ಅವರ ಕೋಣೆಗೆ ರೂಮ್ ಹೀಟರ್ ಬೇಕಾ? ಏನು ಮಾಡಿದರೆ ಒಳ್ಳೆಯದು?

ಉತ್ತರ: ಮೊದಲು ನಿಮ್ಮ ಮಗನಿಗೆ ಒಂದು ಮಾತು. ಹಂಡೆ ಒಲೆ ಒಡೆಸಬೇಡಿ. ಜುಲೈ ತಿಂಗಳಲ್ಲಿ ಬೇಣದ ಮರವೊಂದು ಲೈನಿನ ಮೇಲೆ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ, ಬಿಸಿಲೂ ಇಲ್ಲದಾಗ, ನಿಮ್ಮ ಮನೆಯಲ್ಲಿ ಬಿಸಿನೀರು ಕೊಡುವುದು ಅದೊಂದೇ. ಬಿಸಿನೀರು ಜಾಸ್ತಿ ಬೇಕಾಗುವುದೂ ಆಗಲೇ ಅಲ್ವಾ? ನಿಮ್ಮ ಮನೆಯಲ್ಲಿ ಸಾಮಾನು ಕಡಿಮೆ ಇಲ್ಲ. ಮೂರು ಸಾಮಾನು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಕೂತಿವೆ. ತೊಂದರೆ ಇರುವುದು ಅಲ್ಲಿ.

ಒಂದು ಲೆಕ್ಕ ನೋಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಯಾವ ಒಲೆಯಾಗಲಿ, ಯಾವ ಕಂಪನಿಯ ಗೀಸರ್ ಆಗಲಿ, ಇದು ಬದಲಾಗುವುದಿಲ್ಲ. 20 ಲೀಟರಿನ ಬಕೆಟ್ ತೆಗೆದುಕೊಳ್ಳಿ. ಬಾವಿ ನೀರು 24 ಡಿಗ್ರಿ, ಸ್ನಾನಕ್ಕೆ ಹದವಾದ ನೀರು 42 ಡಿಗ್ರಿ. ನಡುವೆ 18 ಡಿಗ್ರಿ. ಕರೆಂಟಿನ ಒಂದು ಯೂನಿಟ್ ಎಂದರೆ 3600 ಕಿಲೋಜೂಲ್, ಹಾಗಾಗಿ ಒಂದು ಬಕೆಟ್ಟಿಗೆ ಸುಮಾರು 0.42 ಯೂನಿಟ್ ಆಯಿತು. ಆರು ಜನ, ತಲೆಗೆ ಒಂದೂವರೆ ಬಕೆಟ್ ಎಂದರೆ ದಿನಕ್ಕೆ 9 ಬಕೆಟ್, 3.8 ಯೂನಿಟ್. ತಿಂಗಳಿಗೆ 110 ಯೂನಿಟ್ ದಾಟುತ್ತದೆ. ಪೂರ್ತಿ ಗೀಸರಿನಲ್ಲೇ ಕಾಯಿಸಿದರೆ ಇಷ್ಟು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ಟಿನ ಗೆರೆ ಎಲ್ಲರಿಗೂ ಗೊತ್ತು. ಅದನ್ನು ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು. ಆ 200ರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ನಾನಕ್ಕೇ ಹೋದರೆ ಫ್ರಿಜ್, ಪಂಪು, ದೀಪಕ್ಕೆ ಏನು ಉಳಿಯಿತು? ನಿಮ್ಮ ಬಿಲ್ ಏರಿದ ಕಾರಣ ಬಹುಶಃ ಇದೇ. ದೊಡ್ಡ ಗೀಸರ್ ಹಾಕಿದರೆ ಇದು ಕಡಿಮೆ ಆಗುವುದಿಲ್ಲ.

ಈ 18 ಡಿಗ್ರಿ ಎಂಬ ಅಂಕಿಯನ್ನು ಸ್ವಲ್ಪ ನೆನಪಿಡಿ. ಖರ್ಚು ಕಡಿಮೆ ಮಾಡುವ ದಾರಿ ಇದರಲ್ಲೇ ಇದೆ. ನೀರು ಎಷ್ಟು ಬೆಚ್ಚಗೆ ಹಂಡೆಗೋ ಗೀಸರಿಗೋ ಬರುತ್ತದೋ ಅಷ್ಟು ಉಳಿತಾಯ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದು ಗಂಟೆಗೆ ಬಾವಿಯಿಂದ ನೀರು ಸೇದಿದವರಿಗೆ ಗೊತ್ತು, ಆ ನೀರು ಬೆಚ್ಚಗಿರುತ್ತದೆ, ಸಣ್ಣಗೆ ಹಬೆಯೂ ಏಳುತ್ತದೆ. ನೆಲದೊಳಗಿನ ನೀರು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಹದದಲ್ಲಿ ಇರುತ್ತದೆ. ಅದೇ ನೀರನ್ನು ಹಿಂದಿನ ಸಂಜೆ ಮೇಲಿನ ಟ್ಯಾಂಕಿಗೆ ಏರಿಸಿಟ್ಟರೆ, ರಾತ್ರಿ ಚಳಿಗೆ ಬೆಳಿಗ್ಗೆ 17, 18 ಡಿಗ್ರಿಗೆ ಇಳಿದಿರುತ್ತದೆ. ಆಗ 18 ಡಿಗ್ರಿ ಬದಲು 24, 25 ಡಿಗ್ರಿ ಏರಿಸಬೇಕು. ಖರ್ಚು ಮೂರನೇ ಒಂದು ಪಾಲು ಜಾಸ್ತಿ. ಹಾಗಾಗಿ ಚಳಿಗಾಲದಲ್ಲಿ ಹಂಡೆ ತುಂಬುವುದಾದರೆ ಆಗ ತಾನೇ ಬಾವಿಯಿಂದ ಬಂದ ನೀರು ತುಂಬಿ. ಅಬ್ಬಿ ನೀರಿನ, ಅಂದರೆ ಗುಡ್ಡದ ಝರಿಯಿಂದ ಪೈಪಿನಲ್ಲಿ ನೀರು ಬರುವ ಮನೆಯವರು ಇದರ ಉಲ್ಟಾ ಮಾಡಬಹುದು. ಬಯಲಲ್ಲಿ ಬಿದ್ದ ಕಪ್ಪು ಪೈಪಿನಲ್ಲಿ ಮಧ್ಯಾಹ್ನ ನೀರು ತಾನೇ ಕಾದಿರುತ್ತದೆ. ಹಂಡೆಯನ್ನು ಆಗಲೇ ತುಂಬಿ ಮುಚ್ಚಿಟ್ಟರೆ ಸಂಜೆ ಕಟ್ಟಿಗೆ ಅರ್ಧ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೋಲಾರಿನ ಬಿಸಿನೀರಿನ ಪೈಪಿನಿಂದ ಒಂದು ನಲ್ಲಿಯನ್ನು ಹಂಡೆಯ ಬಾಯಿಗೆ ತನ್ನಿ. ಇನ್ನೊಂದು ಕವಲನ್ನು ಗೀಸರಿನ ತಣ್ಣೀರು ಒಳಬರುವ ಜಾಗಕ್ಕೆ ಕೊಡಿ. ಅಂದರೆ ಹಂಡೆಗೆ ಮತ್ತು ಗೀಸರಿಗೆ ಹೋಗುವ ನೀರು ಮೊದಲು ಸೋಲಾರನ್ನು ಹಾದು ಬರಲಿ. ಮಳೆಗಾಲದಲ್ಲಿ ಸೋಲಾರ್ ನೀರು ಬಿಸಿ ಇಲ್ಲ ಎಂದು ನೀವು ಅದನ್ನು ಬಳಸುವುದನ್ನೇ ಬಿಟ್ಟಿದ್ದೀರಿ. ಎಲ್ಲರೂ ಹೀಗೇ ಮಾಡುತ್ತಾರೆ. ಆದರೆ ಮೋಡದ ದಿನವೂ ಸ್ವಲ್ಪ ಬೆಳಕು ಬರುತ್ತದೆ. ಅಂಥ ದಿನ ನೀರು 24ರಿಂದ 30ಕ್ಕೆ ಏರಿದ್ದರೂ ನಿಮ್ಮ 18 ಡಿಗ್ರಿಯಲ್ಲಿ 6 ಡಿಗ್ರಿ ಪುಕ್ಕಟೆ ಬಂತು. ಮೂರನೇ ಒಂದು ಪಾಲು ಕಟ್ಟಿಗೆ ಉಳಿಯಿತು. ಮೈಗೆ ತಣ್ಣಗೆ ಎನಿಸುವ ಆ ನೀರು ಒಲೆಗೆ ಬಹಳ ಬೆಲೆಯದು. ಸ್ಟೋರೇಜ್ ಗೀಸರ್ ಆದರೆ ಬಿಸಿನೀರು ಒಳಗೆ ಬಂದರೂ ಥರ್ಮೋಸ್ಟಾಟ್ ತಾನೇ ಆಫ್ ಮಾಡುತ್ತದೆ. ಆದರೂ ಮಾರ್ಚ್, ಏಪ್ರಿಲಿನಲ್ಲಿ ಸೋಲಾರ್ ನೀರು ಕೈ ಸುಡುವಷ್ಟು ಬರುತ್ತದೆ. ಆ ದಿನಗಳಿಗೆ ಗೀಸರ್ ಬಿಟ್ಟು ನೇರ ಬರುವ ಒಂದು ವಾಲ್ವ್ ಇರಲಿ. ನಿಮ್ಮ ಗೀಸರಿಗೆ ಬಿಸಿನೀರು ಕೊಡಬಹುದಾ ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ.

ಸೋಲಾರ್ ಟ್ಯಾಂಕಿನ ಒಳಗೇ ಕರೆಂಟಿನ ಕಾಯಿಲ್ ಇದ್ದರೆ ಅದರ ಸ್ವಿಚ್ ಆಫ್ ಮಾಡಿ. ಎರಡು ಬಕೆಟ್ ನೀರಿಗಾಗಿ ಅದು 200 ಲೀಟರನ್ನೂ ಕಾಯಿಸುತ್ತದೆ. 20 ಡಿಗ್ರಿ ಏರಿಸಲು ಸುಮಾರು 4.7 ಯೂನಿಟ್ ಬೇಕು. ಉಳಿದ ಬಿಸಿ ರಾತ್ರಿ ಮಳೆಗೆ ಹೋಗುತ್ತದೆ. ಬಚ್ಚಲಲ್ಲೇ ಇರುವ ಸಣ್ಣ ಗೀಸರ್ ಈ ಕೆಲಸಕ್ಕೆ ಎಷ್ಟೋ ವಾಸಿ.

ಮತ್ತೆ ಪೈಪು. ನಿಮ್ಮ ಸೋಲಾರಿನಿಂದ ಬಚ್ಚಲಿಗೆ ಎಷ್ಟು ದೂರ ಎಂದು ಬರೆದಿಲ್ಲ. ನಮ್ಮ ಕಡೆ ಹಂಚಿನ ಮನೆಗಳಲ್ಲಿ ಮಾಡಿನ ಮೇಲೆ ಭಾರ ಇಡಲು ಹೆದರಿ ಸೋಲಾರನ್ನು ಅಂಗಳದಾಚೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಅಲ್ಲಿಂದ ಬಚ್ಚಲಿಗೆ 20 ಮೀಟರ್ ಆಗುವುದು ಸಾಮಾನ್ಯ. ಒಂದು ಇಂಚಿನ ಪೈಪಾದರೆ ಒಂದು ಮೀಟರಿನಲ್ಲಿ ಸುಮಾರು ಅರ್ಧ ಲೀಟರ್ ನೀರು ನಿಂತಿರುತ್ತದೆ. 20 ಮೀಟರಿಗೆ 10 ಲೀಟರ್. ಬಿಸಿನೀರು ಬರುವ ಮೊದಲು ಈ 10 ಲೀಟರ್ ತಣ್ಣೀರು ಚೆಲ್ಲಬೇಕು. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ನಿಂತು ತಣ್ಣಗಾಗುತ್ತದೆ. ಆರು ಜನ ಆರು ಹೊತ್ತಿಗೆ ಸ್ನಾನ ಮಾಡಿದರೆ 60 ಲೀಟರ್ ಬಿಸಿನೀರು ಸುಮ್ನೆ ಹೋಯಿತು. 200ರಲ್ಲಿ 60! ಅರ್ಧ ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 0.13 ಲೀಟರ್ ಮಾತ್ರ ಹಿಡಿಯುತ್ತದೆ. ಒಂದೇ ಬಚ್ಚಲಿಗೆ ಹೋಗುವ ಲೈನು ಮುಕ್ಕಾಲು ಇಂಚಿಗಿಂತ ದೊಡ್ಡದು ಬೇಡವೇ ಬೇಡ. ಅದಕ್ಕೆ ಫೋಮ್ ಸುತ್ತಿಸಿ. ಬರೀ ಫೋಮನ್ನು ಅಳಿಲು ಮತ್ತು ಇಲಿ ಒಂದೇ ವರ್ಷದಲ್ಲಿ ಹರಿದು ಹಾಕುತ್ತವೆ, ಆದ್ದರಿಂದ ಹೊರಗಿನಿಂದ ಒಂದು ದೊಡ್ಡ ಪಿವಿಸಿ ಪೈಪನ್ನು ಅಂಗಿಯ ಹಾಗೆ ಹಾಕಿಸಿ. ಒಳಗಿನ ಬಿಸಿನೀರಿನ ಪೈಪು ಮಾತ್ರ ಸಿಪಿವಿಸಿ ಇರಲಿ, ಸಾದಾ ಪಿವಿಸಿ ಬಿಸಿಗೆ ಬಾಗುತ್ತದೆ. ಪೈಪು ಬದಲಾಯಿಸುವುದು ಆಗದಿದ್ದರೆ ಒಬ್ಬರ ಬೆನ್ನಿಗೆ ಒಬ್ಬರು ಸ್ನಾನಕ್ಕೆ ಹೋಗಿ. ಪೈಪಿನಲ್ಲಿ ನಿಂತ ಆ ಮೊದಲ 10 ಲೀಟರನ್ನು ಹಂಡೆಗೇ ಬಿಟ್ಟುಬಿಡಿ.

ಸೋಲಾರ್ ಬಗ್ಗೆ ನನ್ನದೇ ಅನುಭವ ಹೇಳಬೇಕು. ನಮ್ಮ ಮನೆಗೆ ಮೊದಲು ಹಾಕಿಸಿದಾಗ ಕೂರಿಸಲು ಬಂದವರು ಜಾಗ ಅನುಕೂಲ ಎಂದು ಅದನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದರು. ಅವತ್ತು ಮೇ ತಿಂಗಳು, ಬಿಸಿಲು ನೆತ್ತಿಯ ಮೇಲೆ. ನೀರು ಚೆನ್ನಾಗಿಯೇ ಕಾದಿತು. ಡಿಸೆಂಬರ್ ಬಂದಾಗ ಸೂರ್ಯ ದಕ್ಷಿಣಕ್ಕೆ ವಾಲಿದ, ತೋಟದ ಅಡಿಕೆ ಮರಗಳ ನೆರಳು ಬೆಳಿಗ್ಗೆ ಹತ್ತೂವರೆವರೆಗೆ ಗಾಜಿನ ಮೇಲೆ. ಚಳಿಗಾಲ ಪೂರ್ತಿ ಹೀಗೇ ಹೋಯಿತು. ಶಿರಸಿ ಇರುವುದು ಸುಮಾರು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೋಲಾರ್ ದಕ್ಷಿಣಕ್ಕೆ ಮುಖ ಮಾಡಿರಬೇಕು, ಚಳಿಗಾಲದ ಬಿಸಿಲು ಹಿಡಿಯಲು ಸುಮಾರು 25 ಡಿಗ್ರಿ ಓರೆ ಇರಬೇಕು. ನೆರಳು ನೋಡುವುದಾದರೆ ಡಿಸೆಂಬರ್ ಕೊನೆಯಲ್ಲಿ ನೋಡಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಾಜಿನ ಮೇಲೆ ನೆರಳು ಬೀಳಬಾರದು. ಕಣಿವೆಯ ಮನೆಗಳಲ್ಲಿ ಇದು ಸಾಧ್ಯವೇ ಇಲ್ಲದಿದ್ದರೆ ಸೋಲಾರಿಗೆ ದುಡ್ಡು ಹಾಕದೆ ಇರುವುದೇ ಒಳ್ಳೆಯದು. ಮಂಗಗಳ ಕಾಟ ಇರುವಲ್ಲಿ ಗಾಜಿನ ಕೊಳವೆಯ ಮೇಲೆ ಅಗಲ ಕಣ್ಣಿನ ಬಲೆ ಕಟ್ಟಿ. ತೆಂಗಿನ ಮರದ ಕೆಳಗಂತೂ ಬೇಡ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪೇಟೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಗೀಸರಿನೊಳಗೆ ಬಿಳಿ ಹೊಪ್ಪಳೆ ಕಟ್ಟುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ನಮ್ಮ ಚಿರೆಕಲ್ಲಿನ ನೆಲದ ಬಾವಿ ನೀರಿನದು ಬೇರೆ ಸ್ವಭಾವ. ಅದು ಮೆದು ನೀರು, ಬಹಳ ಕಡೆ ಸ್ವಲ್ಪ ಹುಳಿ. ಹೊಪ್ಪಳೆ ಕಟ್ಟುವ ಬದಲು ಲೋಹವನ್ನೇ ತಿನ್ನುತ್ತದೆ. ಗೀಸರಿನ ಒಳಗೆ, ಕೆಲವು ಸೋಲಾರ್ ಟ್ಯಾಂಕಿನ ಒಳಗೂ, ಮೆಗ್ನೀಸಿಯಂನ ಒಂದು ಸರಳು ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಸವೆದು ಮುಗಿದ ಮೇಲೆ ನೀರು ಟ್ಯಾಂಕನ್ನು ತಿನ್ನಲು ಶುರುಮಾಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ. ಬೆರಳಿನಷ್ಟು ದಪ್ಪ ಇದ್ದದ್ದು ಕಡ್ಡಿಯಷ್ಟಾಗಿದ್ದರೆ ಬದಲಾಯಿಸಿ. ಹೊಸ ಟ್ಯಾಂಕಿನ ಮುಂದೆ ಇದರ ಬೆಲೆ ಏನೂ ಅಲ್ಲ.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಓದುಗರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮಗೆ ಉಪ್ಪು ಗಾಳಿಯೇ ಶತ್ರು. ಸಾದಾ ಕಬ್ಬಿಣದ ಸ್ಟ್ಯಾಂಡ್ ಬೇಡ, ನಟ್ಟು ಬೋಲ್ಟು ಸ್ಟೀಲಿನದೇ ಇರಲಿ. ಹಾಗೆ ನೋಡಿದರೆ ಕರಾವಳಿಯಲ್ಲಿ ನೀರು ತಣ್ಣಗೆ ಇರುವುದೇ ಕಡಿಮೆ. 28 ಡಿಗ್ರಿಯ ನೀರನ್ನು 40ಕ್ಕೆ ಏರಿಸಲು 3 ಕಿಲೋವ್ಯಾಟಿನ ಸಣ್ಣ ಇನ್‌ಸ್ಟಂಟ್ ಗೀಸರ್ ಸಾಕು, ಐದಾರು ನಿಮಿಷಕ್ಕೆ ಒಂದು ಬಕೆಟ್ ತುಂಬುತ್ತದೆ. ಅದೇ ಗೀಸರ್ ಶಿರಸಿಯ ಡಿಸೆಂಬರಿನಲ್ಲಿ ಅದೇ ಬಕೆಟ್ಟಿಗೆ 11 ನಿಮಿಷ ತೆಗೆದುಕೊಳ್ಳುತ್ತದೆ. ಹಳೆಯ ಮನೆಯಲ್ಲಿ ತಾಮ್ರದ ಬಂಬ ಇದ್ದರೆ ಗುಜರಿಗೆ ಹಾಕಬೇಡಿ. ನಡುವೆ ಬೆಂಕಿ, ಸುತ್ತ ನೀರು. ಬಿಸಿ ಹೊರಗೆ ಹೋಗಲು ದಾರಿ ಕಡಿಮೆ. ಹಂಡೆಗಿಂತ ಜಾಣ ಪಾತ್ರೆ ಅದು.

ಈಗ ನಿಮ್ಮ ಹಂಡೆ ಒಲೆ. ಕಟ್ಟಿಗೆ ಯಾಕೆ ಕಡಿಮೆ ಆಗಿಲ್ಲ ಎಂದು ಕೇಳಿದ್ದೀರಿ. ಬೆಳಿಗ್ಗೆ ಎದ್ದ ಕೂಡಲೇ ಹಂಡೆಗೆ ಬೆಂಕಿ ಹಾಕುವುದು ನಮ್ಮಲ್ಲಿ ರೂಢಿ. ಸೋಲಾರಿನಲ್ಲಿ 55 ಡಿಗ್ರಿ ನೀರು ಕಾದು ಕೂತಿದ್ದರೂ ಕೈ ಒಲೆಯ ಕಡೆ ಹೋಗುತ್ತದೆ. ದನಕ್ಕೆ ಅಕ್ಕಚ್ಚಿಗೆ ಬಿಸಿನೀರು ಬೇಕು, ಪಾತ್ರೆಗೆ ಬೇಕು, ಹಾಗಾಗಿ ಹಂಡೆ ದಿನವಿಡೀ ಕುದಿಯುತ್ತಲೇ ಇರುತ್ತದೆ. ಆ ಕುದಿಯುವ ನೀರಿಗೆ ತಣ್ಣೀರು ಬೆರೆಸಿ ಸ್ನಾನ ಮಾಡುತ್ತೇವೆ. ಸ್ನಾನಕ್ಕೆ ಅಷ್ಟು ಕುದಿಸುವ ಅಗತ್ಯವೇ ಇಲ್ಲ. ಬಿಸಿ ಜಾಸ್ತಿಯಾದಷ್ಟೂ ಹಂಡೆಯ ಮೈಯಿಂದ, ಬಾಯಿಂದ ಬಿಸಿ ಓಡುತ್ತದೆ. ನಲ್ಲಿಯನ್ನು ಹಂಡೆಯ ಬಾಯಿಗೆ ತಂದರೆ ಅಕ್ಟೋಬರಿನಿಂದ ಮೇ ತನಕ ಹೆಚ್ಚಿನ ದಿನ ಬೆಂಕಿಯೇ ಬೇಡ. ಹಂಡೆಯಿಂದ ನೀರು ತೋಡುವ ರೂಢಿ ಹಾಗೇ ಇರುತ್ತದೆ, ಕಟ್ಟಿಗೆ ಉಳಿಯುತ್ತದೆ. ರೂಢಿ ಬಿಡಿಸುವುದಕ್ಕಿಂತ ರೂಢಿಯ ದಾರಿಯಲ್ಲೇ ನೀರು ಹರಿಸುವುದು ಸುಲಭ ಎಂದು ನನಗೆ ಅನಿಸುತ್ತದೆ.

ಬೆಂಕಿ ಹಾಕುವ ದಿನಗಳಿಗೆ ಒಲೆಯನ್ನು ಸರಿ ಮಾಡಿಸಿ. ಹಳೆಯ ಹಂಡೆ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ 15ರಷ್ಟು ನೀರಿಗೆ ಸೇರಿದರೆ ದೊಡ್ಡದು. ಉಳಿದದ್ದು ಹೊಗೆಯ ಜೊತೆ ಹಂಚಿನ ಸಂದಿಯಿಂದ ಹೊರಗೆ. ನಿಮ್ಮ 9 ಬಕೆಟ್ಟಿಗೆ ಈ ಲೆಕ್ಕದಲ್ಲಿ ಸುಮಾರು 6 ಕಿಲೋ ಒಣ ಕಟ್ಟಿಗೆ ಬೇಕು. ಒಲೆಯನ್ನು ನೂರಕ್ಕೆ 30ಕ್ಕೆ ತಂದರೆ 3 ಕಿಲೋ ಸಾಕು. ಇದು ಹೊಸ ವಿದ್ಯೆ ಏನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಶುರುವಾದ ಅಸ್ತ್ರ ವಿಭಾಗದವರು ಒಲೆಗಳ ಮೇಲೆ ಬಹಳ ಕೆಲಸ ಮಾಡಿದರು. ನಿಮ್ಮ ಅತ್ತೆಗೆ ಅಸ್ತ್ರ ಒಲೆ ಎಂಬ ಹೆಸರು ನೆನಪಿರಬಹುದು. ಅದೇ ತತ್ವ ಇಲ್ಲೂ. ಕಟ್ಟಿಗೆಯ ಕೆಳಗೆ ಬೀಡು ಕಬ್ಬಿಣದ ಜಾಲರಿ ಇರಲಿ, ಗಾಳಿ ಕೆಳಗಿನಿಂದ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಹಂಡೆಗೂ ಒಲೆಯ ಗೋಡೆಗೂ ನಡುವೆ ಎರಡು ಬೆರಳಷ್ಟು ಸಂದು ಸುತ್ತಲೂ ಇರಲಿ. ಬೆಂಕಿ ಹಂಡೆಯ ತಳಕ್ಕೆ ಮಾತ್ರ ತಾಗಿ ಹೋಗದೆ ಮೈಯನ್ನು ಸವರಿಕೊಂಡು ಮೇಲೆ ಹೋಗಬೇಕು. ಸಂದು ಜಾಸ್ತಿಯಾದರೆ ಶಾಖ ತಾಗದೇ ಓಡುತ್ತದೆ. ಕಡಿಮೆಯಾದರೆ ಹೊಗೆ ಹಿಂದಕ್ಕೆ ಹೊಡೆಯುತ್ತದೆ. ಹಂಡೆಯ ಕುತ್ತಿಗೆಯ ಹತ್ತಿರ ಸಂದನ್ನು ಪೂರ್ತಿ ಮುಚ್ಚಿ, ಬೆಂಕಿಬಾಯಿಗೆ ಎದುರು ದಿಕ್ಕಿನಿಂದ ಹೊಗೆಕೊಳವೆ ತೆಗೆಯಿರಿ. ಕೊಳವೆ ಮಾಡಿಗಿಂತ ಎತ್ತರ ಹೋಗಲಿ. ಹಂಡೆಗೆ ಮರದ ಗಟ್ಟಿ ಮುಚ್ಚಳ ಬೇಕು. ಅಡಿಕೆ ಹಾಳೆ ಮುಚ್ಚಿದರೂ ಪರವಾಗಿಲ್ಲ, ಬಾಯಿ ತೆರೆದಿರಬಾರದು.

ಕಟ್ಟಿಗೆ ಒಣಗಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಸಿ ಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಒಲೆ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ನಿಮ್ಮ ಹಂಡೆಯ ಸರದಿ. ಬೆಂಕಿಯೂ ಮಂಕು, ಹೊಗೆಯೂ ಜಾಸ್ತಿ. 6 ಕಿಲೋ ಆಗುವ ಕಡೆ 12 ಕಿಲೋ ಉರಿಯುತ್ತದೆ. ಜನವರಿಯಲ್ಲಿ ಸಣ್ಣಗೆ ಸೀಳಿ, ಮಳೆಯಿಲ್ಲದ ಎರಡು ತಿಂಗಳು ಬಿಸಿಲು ಕಂಡ ಕಟ್ಟಿಗೆ ಮೇ ತಿಂಗಳಿನ ಮೊದಲ ಮಳೆಗೆ ಮುಂಚೆ ಕೊಟ್ಟಿಗೆಗೆ ಸೇರಿರಬೇಕು. ಒಂದಕ್ಕೊಂದು ಬಡಿದರೆ ಟಣ್ ಎಂದರೆ ಒಣಗಿದೆ, ದಪ್ ಎಂದರೆ ಇಲ್ಲ. ಮಳೆಗಾಲದಲ್ಲಿ ನಾಳೆಯ ಕಟ್ಟಿಗೆಯನ್ನು ಇವತ್ತೇ ಒಲೆಯ ಪಕ್ಕ ಇಡಿ, ಆದರೆ ಕಿಡಿ ಹಾರದಷ್ಟು ದೂರ. ಒಣ ಅಡಿಕೆ ಸಿಪ್ಪೆ, ಸೋಗೆ ಬೆಂಕಿ ಹಚ್ಚಲು ಚೆನ್ನ. ಬರೀ ಸಿಪ್ಪೆಯಲ್ಲೇ ಕಾಯಿಸಲು ಹೋದರೆ ಹೊಗೆ ಹೆಚ್ಚು. ಗೋಬರ್ ಗ್ಯಾಸ್ ಇದ್ದರೆ ಅಡುಗೆಗೇ ಇರಲಿ. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕಿಲೋ ಸಗಣಿ ಬೇಕು. ಆರು ಜನರ ಸ್ನಾನಕ್ಕೇ ಒಂದು ಘನ ಮೀಟರಿಗಿಂತ ಜಾಸ್ತಿ ಹೋಗುತ್ತದೆ. ಅಷ್ಟು ಸಗಣಿ ಈಗ ಎಷ್ಟು ಮನೆಯಲ್ಲಿದೆ?

ಜೀವದ ವಿಷಯ ಒಂದನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಂಡದಿಂದ ಮತ್ತು ಗ್ಯಾಸ್ ಗೀಸರಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದವರು ಕೂಗಲೂ ಆಗದೆ ಹೋಗುತ್ತಾರೆ. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಹಾಕಿಸಲೇಬೇಡಿ, ಹೊರಗೋಡೆಗೆ ಹಾಕಿಸಿ. ಹಂಡೆ ಒಲೆಯ ಬೆಂಕಿಬಾಯಿಯೂ ಸ್ನಾನದ ಜಾಗದ ಆಚೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗೋಡೆಯ ಮೇಲಿನ ಕಿಂಡಿ ಯಾವಾಗಲೂ ತೆರೆದಿರಲಿ, ಚಳಿ ಎಂದು ಚೀಲ ತುರುಕಬೇಡಿ.

ಇದೇ ಕಾರಣಕ್ಕೆ ನಿಮ್ಮ ಅತ್ತೆಯ ಕೋಣೆಗೆ ರಾತ್ರಿ ಕೆಂಡದ ಬೋಗುಣಿ ಇಡುವ ಹಳೆಯ ಪದ್ಧತಿ ಬೇಡ. ಬಾಣಂತಿ ಕೋಣೆಗೂ ಬೇಡ. ರೂಮ್ ಹೀಟರನ್ನೂ ನಾನು ಹೇಳುವುದಿಲ್ಲ. ಹಂಚಿನ ಮಾಡಿನ ಕೋಣೆಯಲ್ಲಿ ಬಿಸಿಗಾಳಿ ನಿಲ್ಲುವುದೇ ಇಲ್ಲ, ನೇರ ಸಂದಿಯಿಂದ ಮೇಲೆ ಹೋಗುತ್ತದೆ. 2 ಕಿಲೋವ್ಯಾಟ್ ಹೀಟರ್ ಒಂದು ತಾಸಿಗೆ 2 ಯೂನಿಟ್ ತಿನ್ನುತ್ತದೆ. ಅದೇ 2 ಲೀಟರಿನ ರಬ್ಬರ್ ಚೀಲಕ್ಕೆ 60 ಡಿಗ್ರಿ ನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಕಾಲ ಬುಡದಲ್ಲಿ ಇಟ್ಟರೆ, ಅದು ಕೊಡುವ ಶಾಖ ಕರೆಂಟಿನ ಲೆಕ್ಕದಲ್ಲಿ 0.06 ಯೂನಿಟ್ ಅಷ್ಟೇ. ಆದರೆ ಅಷ್ಟೂ ಮೈಗೇ ಸೇರುತ್ತದೆ. ವಯಸ್ಸಾದವರ ಚರ್ಮಕ್ಕೆ ಸುಟ್ಟದ್ದು ಬೇಗ ಗೊತ್ತಾಗುವುದಿಲ್ಲ, ಹಾಗಾಗಿ ಕುದಿಯುವ ನೀರು ಬೇಡ, ಬಟ್ಟೆ ಸುತ್ತದೆ ಇಡಬೇಡಿ. ನಮ್ಮ ಮಳೆಗಾಲದ ಥಂಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಒದ್ದೆಯದೇ ಕಾಟ. ಅವರ ಹಾಸಿಗೆ ಹೊರಗೋಡೆಯಿಂದ ಒಂದಡಿ ದೂರ ಇರಲಿ. ಕಂಬಳಿ, ಹೊದಿಕೆ ದಿನಾ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಬೆಚ್ಚಗಾಗಿ ಬರಲಿ, ಕೊಳವೆ ಹಾಕಿದ ಮೇಲೆ ಹೊಗೆ ವಾಸನೆಯೂ ಇರುವುದಿಲ್ಲ.

ಗೀಸರ್ ಬಗ್ಗೆ ಎರಡು ಮಾತು. ದಿನವಿಡೀ ಆನ್ ಇಟ್ಟರೆ ಯಾರೂ ನೀರು ಮುಟ್ಟದಿದ್ದರೂ ಅರ್ಧದಿಂದ ಒಂದು ಯೂನಿಟ್ ಹೋಗಬಹುದು. ಸ್ನಾನಕ್ಕೆ ಸ್ವಲ್ಪ ಮೊದಲು ಹಾಕಿ, ಥರ್ಮೋಸ್ಟಾಟ್ 50ರಲ್ಲಿ ಇರಲಿ. ಆದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ತಪ್ಪದೆ 60ಕ್ಕೆ ಏರಿಸಿ. ಉಗುರು ಬೆಚ್ಚಗೆ ತುಂಬಾ ದಿನ ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತದೆ. ಅರ್ಥಿಂಗ್ ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಗೀಸರ್ ಬಳಸಲೇಬಾರದು.

ದುಡ್ಡು ಹಾಕುವ ಮನಸ್ಸು ನಿಮ್ಮ ಮಗನಿಗೆ ಇದ್ದೇ ಇದ್ದರೆ ದೊಡ್ಡ ಗೀಸರಿನ ಬದಲು ಹೀಟ್ ಪಂಪ್ ವಿಚಾರಿಸಲಿ. ಫ್ರಿಜ್ ಉಲ್ಟಾ ಕೆಲಸ ಮಾಡಿದ ಹಾಗೆ, ಅದು ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ನಮ್ಮ ಮಳೆಗಾಲದ ಗಾಳಿ 22, 24 ಡಿಗ್ರಿ ಇರುತ್ತದೆ, ತೇವ ತುಂಬಿರುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಗಾಳಿ ಬೇಡ. ಗೀಸರ್ 3 ಯೂನಿಟ್ ತಿನ್ನುವ ಕಡೆ ಇದಕ್ಕೆ ಸುಮಾರು 1 ಯೂನಿಟ್ ಸಾಕು. ಬೆಲೆ ಮಾತ್ರ ಗೀಸರಿನ ಹಲವು ಪಟ್ಟು. ಹಳ್ಳಿಯ ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್ ಬೇಕೇ ಬೇಕು. ಕರೆಂಟ್ ಹೋದರೆ ಅದೂ ಇಲ್ಲ. ಆರು ಜನರ ಮನೆಗೆ ನಾನಾದರೆ ಈಗಲೇ ಅದಕ್ಕೆ ಕೈ ಹಾಕುವುದಿಲ್ಲ.

ಕೆಲಸದ ಕ್ರಮ ಹೇಳುತ್ತೇನೆ. ಸೋಲಾರ್ ನಲ್ಲಿಯನ್ನು ಹಂಡೆಯ ಬಾಯಿಗೆ ತರುವುದು ಮೊದಲು. ಪ್ಲಂಬರಿಗೆ ಒಂದು ದಿನದ ಕೆಲಸ. ಅದೇ ದಿನ ಗೀಸರಿನ ಕವಲು, ಪೈಪಿನ ಫೋಮ್ ಮುಗಿಸಿಬಿಡಿ. ಒಲೆ ಕಟ್ಟಿಸುವುದು ಏಪ್ರಿಲಿನಲ್ಲಿ ಇರಲಿ. ಮಣ್ಣು ಒಣಗಲು ಎರಡು ವಾರವಾದರೂ ಬೇಕು, ಒದ್ದೆ ಒಲೆಗೆ ಬೆಂಕಿ ಹಾಕಿದರೆ ಬಿರುಕು ಬಿಡುತ್ತದೆ. ಇನ್ನು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ತಿಕ್ಕಿ ತೊಳೆದು ಹಿಂಡಲಕಾಯಿ ಬಳ್ಳಿ ಕಟ್ಟುತ್ತೀರಿ. ಆ ದಿನ ತಳದ ದಪ್ಪ ಮಸಿಯ ಹೊಪ್ಪಳೆ ಕೆರೆದು ತೆಗೆಯಿರಿ, ಹೊಗೆಕೊಳವೆ ಬಡಿದು ಮಸಿ ಉದುರಿಸಿ, ನಾಲ್ಕು ತಿಂಗಳ ಮಳೆಗೆ ಸೋಲಾರ್ ಗಾಜಿನ ಮೇಲೆ ಕಟ್ಟಿದ ಪಾಚಿಯನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ.